ಯೆಜ್ಡಿ ರಾಯರು

ಚೆನ್ನೈನ ವೆಸ್ಟ್ ಮಾಂಬಲಂನಲ್ಲಿ ಯಾವುದೇ ಅಪಾರ್ಟ್‌ಮೆಂಟಿನ ಕೆಳಗೆ, ನೀರಿನ ಮೋಟರಿನ ಪಕ್ಕದ ಮೂಲೆಯಲ್ಲಿ, ಹಳೇ ಸೀರೆ ಹೊದ್ದ ಬೈಕೊಂದು ಕಂಡರೆ ಮೇಲೆ ಯಾವುದೋ ಮಹಡಿಯಲ್ಲಿ ಒಬ್ಬ ರಾಯರಿದ್ದಾರೆ ಎಂದು ತಿಳಿಯಿರಿ. ಬ್ಯಾಂಕಿನಿಂದ ರಿಟೈರಾಗಿರುತ್ತಾರೆ. ಊರು ಮೈಸೂರು. ಸೀರೆಯ ಕೆಳಗಿರುವುದು ಯೆಜ್ಡಿ. ‘ಕೊಡ್ತೀರಾ ಸಾರ್?’ ಎಂದು ಕೇಳಿದರೆ ಮಗಳ ಜಾತಕವನ್ನು ಬೀದಿಯಲ್ಲಿ ಕೇಳಿದವನನ್ನು ನೋಡುವಂತೆ ನೋಡುತ್ತಾರೆ. ‘ಓಡತ್ತಾ ಸಾರ್?’ ಎಂದು ಮಾತ್ರ ಯಾರೂ ಕೇಳಬಾರದು. ಕೇಳಿದವರ ಕಾಫಿ ಆರಿ ಹೋಗುತ್ತದೆ.

ನಮ್ಮ ಕಟ್ಟಡದ ರಾಯರದು 1990ರ ರೋಡ್‌ಕಿಂಗ್. ನಂಬರು ಇವತ್ತಿಗೂ ಕೆಎ 09. ವರ್ಗವಾಗಿ ಬಂದಾಗ ರೈಲಿನಲ್ಲಿ ಹಾಕಿಸಿಕೊಂಡು ತಂದರಂತೆ. ತಂದ ಊರಾದರೂ ಎಂಥದು! 1955ರಲ್ಲಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿದ್ದು ಇಲ್ಲೇ, ತಿರುವೊತ್ತಿಯೂರಿನಲ್ಲಿ. ಬೀದಿಗೆ ನಾಲ್ಕು ಬುಲೆಟ್ ಗುಡುಗುವ ಊರು. ಅದರ ನಡುವೆ ರಾಯರು ಒಬ್ಬರೇ ಮೈಸೂರಿನ ಪರ. ಯೆಜ್ಡಿ ಹುಟ್ಟಿದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ಬಿಡಲು ಶುರು ಮಾಡಿದ್ದು, 1996ರಲ್ಲಿ ಮುಚ್ಚಿದ್ದು, ಎಲ್ಲವನ್ನೂ ಮನೆಯವರ ಹುಟ್ಟು ಸಾವು ಹೇಳಿದ ಹಾಗೆ ಹೇಳುತ್ತಾರೆ. ‘ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್! ನಿಮ್ಮ ಬುಲೆಟ್ ಕೊಡತ್ತೇನ್ರೀ?’ ಎಂದು ಸವಾಲು ಹಾಕುತ್ತಾರೆ. ಎದುರಿಗಿರುವವರ ಹತ್ತಿರ ಬುಲೆಟ್ ಇರಬೇಕೆಂದೇನೂ ಇಲ್ಲ.

ಗಾಡಿ ಯಾವಾಗ ನಿಂತಿತು ಎಂಬುದಕ್ಕೆ ಎರಡು ಪಾಠಗಳಿವೆ. ರಾಯರ ಪ್ರಕಾರ 2015ರ ಡಿಸೆಂಬರ್ ಪ್ರವಾಹವೇ ಅದಕ್ಕೆ ಕಾರಣ. ಆವತ್ತು ಸೈಲೆನ್ಸರೆರಡೂ ಮುಳುಗಿದ್ದವು ನಿಜ. ‘ಅದಕ್ಕೆ ಮುಂಚೆ ಏನು ಮೆರವಣಿಗೆ ಹೋಗ್ತಿತ್ತಾ?’ ಎಂಬುದು ಅವರ ಮನೆಯವರ ಪಾಠ. ಅಂತೂ ಇಂಜಿನ್ ಜಾಮ್. ಕಿಕ್ಕರ್ ಮೇಲೆ ಕಾಲಿಟ್ಟರೆ ಗೋಡೆಯ ಮೇಲೆ ಇಟ್ಟಂತೆ.

ಜಾಮ್ ಯಾಕಾಯಿತು ಎಂಬುದನ್ನು ರಾಯರು ವಿವರಿಸುವಾಗ ಕೇಳಬೇಕು, ಅದರಲ್ಲಿ ಅವರು ನಿಜಕ್ಕೂ ಗಟ್ಟಿಗರು. ‘ಟೂ ಸ್ಟ್ರೋಕಿಗೆ ವಾಲ್ವೇ ಇಲ್ಲ ನೋಡಿ. ಬೋರಿನ ಗೋಡೆಯಲ್ಲೇ ಕಿಂಡಿ. ಪಿಸ್ಟನ್ ಕೆಳಗೆ ನಿಂತಿದ್ದರೆ ಕಿಂಡಿ ಬಾಯಿ ತೆಗೆದುಕೊಂಡೇ ಇರತ್ತೆ. ಸೈಲೆನ್ಸರಲ್ಲಿ ನುಗ್ಗಿದ ಉಪ್ಪುಗಾಳಿ ನೇರ ಒಳಗೆ. ಬೋರೂ ಬೀಡು ಕಬ್ಬಿಣ, ರಿಂಗೂ ಬೀಡು ಕಬ್ಬಿಣ. ಎರಡೂ ತುಕ್ಕು ಹಿಡಿದು ಒಂದನ್ನೊಂದು ಕಚ್ಚಿಕೊಂಡವು. ಪಿಸ್ಟನ್ ಅಲ್ಯುಮಿನಿಯಂ, ಪಾಪ, ಅದರದೇನೂ ತಪ್ಪಿಲ್ಲ.’ ಇಷ್ಟು ಹೇಳಿ ಪ್ಲಗ್ ಬಿಚ್ಚಿ, ಆ ತೂತಿನೊಳಗೆ ಮೊಬೈಲಿನ ಟಾರ್ಚ್ ಬಿಟ್ಟು, ನಮ್ಮ ತಲೆಯನ್ನು ಅಲ್ಲಿಗೆ ಬಗ್ಗಿಸುತ್ತಾರೆ. ಕಣ್ಣಿಗೆ ಕಾಣುವುದು ಹೆಬ್ಬೆರಳಗಲ ಕಪ್ಪು, ಅದರ ಒಂದಂಚಿಗೆ ಕಿತ್ತಳೆ ಬಣ್ಣದ ಗೀಟು. ಮೂಗಿಗೆ ಸೀಮೆಎಣ್ಣೆ, ಕೊಬ್ಬರಿಎಣ್ಣೆ ಮತ್ತು ಇನ್ನೇನೋ.

ಆ ‘ಇನ್ನೇನೋ’ ಕಟ್ಟಡದವರೆಲ್ಲ ಸೇರಿ ಮಾಡಿದ್ದು. ಡೀಸೆಲ್ ಹಾಕಿ ಎಂದವರು ಎರಡನೇ ಮಹಡಿಯವರು. ಉಡುಪಿ ಕಡೆಯ ಹೋಟೆಲಿನವರು ಕೊಬ್ಬರಿಎಣ್ಣೆಯನ್ನು ಬೆಚ್ಚಗೆ ಮಾಡಿ ತಾವೇ ತಂದುಕೊಟ್ಟರು. ಕೋಕಾಕೋಲಾದಲ್ಲಿ ಫಾಸ್ಫಾರಿಕ್ ಆಸಿಡ್ ಇದೆ, ತುಕ್ಕು ಬಿಡಿಸತ್ತೆ ಎಂದ ಕಾಲೇಜು ಹುಡುಗ. ಆಸಿಡ್ ಇರುವುದು ನಿಜ. ಆದರೆ ಕೋಲಾದಲ್ಲಿ ನೀರೂ ಇದೆ, ನೀರಿನಿಂದಲೇ ಅಲ್ಲವೇ ಇಷ್ಟೆಲ್ಲ ಆದದ್ದು! ಪವರ್ ಸ್ಟೀರಿಂಗಿಗೆ ಹಾಕುವ ಎಟಿಎಫ್ ಎಣ್ಣೆ ಅರ್ಧ, ಅಸಿಟೋನ್ ಅರ್ಧ ಬೆರೆಸುವುದು ಬಲ್ಲವರ ಮದ್ದು. ರಾಯರು ಯಾರಿಗೂ ಇಲ್ಲ ಎನ್ನಲಿಲ್ಲ. ತೀರ್ಥದಂತೆ ಎಲ್ಲವನ್ನೂ ಉದ್ಧರಣೆಯಲ್ಲೇ ಬಿಟ್ಟರು. ಉದ್ಧರಣೆ ದೇವರಮನೆಯದೇ ಎಂಬುದು ಮನೆಯವರಿಗೆ ತಿಳಿಯುವ ಹೊತ್ತಿಗೆ ತಡವಾಗಿತ್ತು.

ಒಂದು ವಿಷಯದಲ್ಲಿ ಮಾತ್ರ ಅವರು ಬಹಳ ಕಟ್ಟುನಿಟ್ಟು: ಕಿಕ್ಕರ್ ಯಾರೂ ತುಳಿಯಬಾರದು. ಯೆಜ್ಡಿಯಲ್ಲಿ ಕಿಕ್ಕರೂ ಗೇರೂ ಒಂದೇ ಕಡ್ಡಿ. ಬಲವಂತ ಮಾಡಿದರೆ ಪಿಸ್ಟನ್ ಬಿಡುವುದಿಲ್ಲ, ಶಾಫ್ಟಿನ ಹಲ್ಲು ಬಿಡುತ್ತದೆ. ಜಿಮ್ಮಿಗೆ ಹೋಗುವ ಹುಡುಗನೊಬ್ಬ ಅದರ ಮೇಲೆ ನೆಗೆಯಲು ಹೋದಾಗ ರಾಯರು ಕೂಗಿದ ಕೂಗಿಗೆ ನಮ್ಮ ಬಡಾವಣೆಯ ಅಯೋಧ್ಯಾ ಮಂಟಪದವರೆಗೂ ಜನ ತಿರುಗಿ ನೋಡಿರಬೇಕು.

ಇಷ್ಟಾಗಿಯೂ ಇಂಜಿನ್ ಬಿಡಲೇಬೇಕೆಂಬ ಅವಸರ ಅವರಲ್ಲಿ ನನಗೆ ಕಾಣಲಿಲ್ಲ. ಮ್ಯಾನೇಜರಾಗಿದ್ದವರಿಗೆ ರಿಟೈರಾದ ಮೇಲೆ ‘ಏನಾಯ್ತು ಸಾರ್ ಆ ಫೈಲು?’ ಎಂದು ಕೇಳುವವರಿರುವುದಿಲ್ಲ. ಇಲ್ಲಿ ಹಾಲಿನವನಿಂದ ಹಿಡಿದು ಅಸೋಸಿಯೇಷನ್ ಸೆಕ್ರೆಟರಿಯವರೆಗೆ ದಿನಾ ಕೇಳುತ್ತಿದ್ದರು. ‘ಇನ್ನೂ ನೆನೀಬೇಕು’ ಎನ್ನುವಾಗ ಅವರ ಮುಖದಲ್ಲಿ ಸಾಲ ಮಂಜೂರು ಮಾಡುವವರ ಗಾಂಭೀರ್ಯ ಇರುತ್ತಿತ್ತು.

ಕೊನೆಗೆ ಪುದುಪೇಟೆಯಿಂದ ಒಬ್ಬ ಮೆಕ್ಯಾನಿಕ್ ಬಂದ. ಎಗ್ಮೋರ್ ಪಕ್ಕದ ಆ ಪೇಟೆಯಲ್ಲಿ ಹೆತ್ತವರನ್ನು ಬಿಟ್ಟು ಮಿಕ್ಕೆಲ್ಲ ಬಿಡಿಭಾಗ ಸಿಗುತ್ತದೆ. ರಾಯರು ಬೋರಿನ ಇತಿಹಾಸ ಆರಂಭಿಸಿದರು. ಆತ ‘ಪಾಕ್ಕಲಾಂ ಸಾರ್’ (ನೋಡೋಣ) ಎಂದು, ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ಟಾಪ್ ಗೇರಿಗೆ ಹಾಕಿ, ಸೀಟು ಹಿಡಿದು ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ತೂಗಿದ. ಚಕ್ರ ಇಂಜಿನ್ನನ್ನು ತಿರುಗಿಸುವ ಆಟ, ಟಾಪ್ ಗೇರಿನಲ್ಲಿ ಅದು ಹಗುರ. ಪಕ್ಕದಲ್ಲಿ ನಿಂತಿದ್ದ ವಾಚ್‌ಮನ್ನೂ ಕೈ ಹಾಕಿದ. ‘ಕಟ್’ ಅಂತ ಒಂದು ಸದ್ದು. ಹಿಂದಿನ ಚಕ್ರ ಎರಡು ಬೆರಳಷ್ಟು ಉರುಳಿತು. ಪ್ಲಗ್ಗಿನ ತೂತಿನಿಂದ ಕೆಂಪಗೆ ಎಣ್ಣೆ ಚಿಮ್ಮಿ ರಾಯರ ಬಿಳಿ ಪಂಚೆಯ ಮೇಲೆ ಬಿತ್ತು.

‘ಅಯ್ಯೋ ನಿಲ್ಲಿಸಪ್ಪಾ!’ ಎಂದರು ರಾಯರು. ‘ಯಾರನ್ನೂ ಕರೆದಿಲ್ಲ, ವಿಡಿಯೋ ಇಲ್ಲ! ಇನ್ನೊಂದ್ಸಲ ಹಿಡಿಸೋಕಾಗತ್ತಾ?’ ಮೆಕ್ಯಾನಿಕ್ಕಿಗೆ ಕನ್ನಡ ಬಾರದಿದ್ದುದು ಪುಣ್ಯ.

ಸಂಜೆಯೊಳಗೆ ಜಗಳ ಶುರುವಾಯಿತು. ಡೀಸೆಲ್ಲಿನಿಂದ ಬಿಟ್ಟಿತು ಎಂದು ಎರಡನೇ ಮಹಡಿ, ಕೊಬ್ಬರಿಎಣ್ಣೆಯೇ ಎಂದು ಹೋಟೆಲಿನವರು. ಕೋಲಾ ಹುಡುಗ ತನ್ನ ಗೆಳೆಯರಿಗೆಲ್ಲ ಆಗಲೇ ಸುದ್ದಿ ಮುಟ್ಟಿಸಿದ್ದ. ಯಾವುದು ಬಿಡಿಸಿತೋ ಆ ಎಣ್ಣೆಗಳೇ ಹೇಳಬೇಕು.

ರಾಯರ ಮನೆಯವರು ಕೆಳಗಿಳಿದು ಬಂದು ಕೇಳಿದ್ದು ಒಂದೇ ಮಾತು: ‘ಹಾಗಾದ್ರೆ ನಾಳೆ ತರಕಾರಿಗೆ ಇದರಲ್ಲೇ ಹೋಗಿ ಬರ್ತೀರಾ?’

‘ನಾಳೆನಾ?’ ರಾಯರ ಮುಖ ಮತ್ತೆ ಬೆಳಗಿತು. ‘ಒಳಗೆಲ್ಲ ತುಕ್ಕಿನ ಪುಡಿ ಕಣೇ. ಈಗ ಸ್ಟಾರ್ಟ್ ಮಾಡಿದರೆ ಬೋರ್ ಗೀರಿ ಹೋಗತ್ತೆ. ಹೆಡ್ ಬಿಚ್ಚಬೇಕು, ಕ್ರ್ಯಾಂಕ್ ಬಿಚ್ಚಬೇಕು, ಬೇರಿಂಗ್ ನೋಡಬೇಕು, ಆಯಿಲ್ ಸೀಲ್ ಗಟ್ಟಿಯಾಗಿರತ್ತೆ. ಆಮೇಲೆ ರಿಜಿಸ್ಟ್ರೇಷನ್. ಹದಿನೈದು ವರ್ಷಕ್ಕೇ ಮುಗಿದಿದೆ, ರಿನ್ಯೂ ಮಾಡಿಸೋಕೆ ಗಾಡೀನ ಮೈಸೂರಿಗೇ ತಗೊಂಡು ಹೋಗಿ ತೋರಿಸಬೇಕೋ ಏನೋ...’ ಎನ್ನುತ್ತ ನನ್ನ ಕಡೆ ತಿರುಗಿದರು. ‘ನಿಮ್ಮ ಭಾವಮೈದ ಮೈಸೂರಲ್ಲೇ ಇದ್ದಾರಲ್ಲ? ಆರ್‌ಟಿಓದಲ್ಲಿ ಯಾರಾದರೂ ಗೊತ್ತಾ, ಒಂದು ಮಾತು ಕೇಳಿ ನೋಡಿ.’