ಎರಡು ಕಡ್ಡಿ ಸಿಗ್ನಲ್

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದು ದಾಸವಾಳದ ಬೇಲಿ. ಅದರ ಮೂಲೆಯಲ್ಲಿ, ಅವರ ಬಚ್ಚಲುಮನೆಯ ಹಿಂದೆ, ಹಲಸಿನ ಮರ. ಮರಕ್ಕೆ ಆಳೆತ್ತರದಲ್ಲಿ ಮೊಳೆ ಹೊಡೆದು, ಅಡಕೆ ಹಾಳೆ ಮಡಚಿ ಕಟ್ಟಿದ ಸಣ್ಣ ಕೊಟ್ಟೆಯೊಂದನ್ನು ನೇತು ಹಾಕಿದ್ದಾರೆ. ಪಕ್ಕದ ಮನೆ ಅತ್ತಿಗೆಯ ಫೋನು ಹಗಲೆಲ್ಲ ಆ ಕೊಟ್ಟೆಯೊಳಗೇ ಇರುತ್ತದೆ. ಎರಡು ಕಡ್ಡಿ ಸಿಗ್ನಲ್ ಬರುವುದು ಅಲ್ಲಿ ಮಾತ್ರ. ಗೇಣು ಆಚೆ ಸರಿಸಿದರೆ ಒಂದೇ ಕಡ್ಡಿ, ಅಂಗಳಕ್ಕೆ ತಂದರೆ ಅದೂ ಇಲ್ಲ. ಬೆಂಗಳೂರಿನಿಂದ ಮಗ ಫೋನು ಮಾಡಿದರೆ ಅವರು ಸೌಟು ಕೈಯಲ್ಲಿ ಹಿಡಿದುಕೊಂಡೇ ಮರದ ಬುಡಕ್ಕೆ ಓಡುತ್ತಾರೆ.

ಮೊನ್ನೆ ಬೆಳಿಗ್ಗೆ ದೇವರಿಗೆ ಹೂ ಕೊಯ್ಯುತ್ತಾ ಬೇಲಿಯಾಚೆಯಿಂದ ಕೇಳಿದರು: “ಭಾವ, ತರಂಗಾಂತರ ಹರಾಜು, ಲಕ್ಷ ಕೋಟಿ ಅಂತ ಟೀವಿಯಲ್ಲಿ ಆಗಾಗ ಹೇಳ್ತಾರಲ್ಲ. ಗಾಳಿಯಲ್ಲಿರೋದನ್ನ ಹರಾಜು ಹಾಕೋದು ಅಂದ್ರೆ ಎಂತದು? ಯಾರ ಮನೇದು ಅದು?”

ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವನು ನಾನು. ಇಷ್ಟು ಸರಿಯಾದ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ. “ನಿಮ್ಮ ಮನೇದೇ ಅತ್ತಿಗೆ” ಅಂದೆ. ಮಾತಿಗೆ ಅಂದದ್ದಲ್ಲ. ಕಲ್ಕತ್ತೆಯ ಕ್ರಿಕೆಟ್ ಪಂದ್ಯವನ್ನು ಟೀವಿಯಲ್ಲಿ ಯಾರು ತೋರಿಸಬೇಕೆಂಬ ಜಗಳ ಸುಪ್ರೀಂ ಕೋರ್ಟಿಗೆ ಹೋಗಿ, 1995ರ ಫೆಬ್ರವರಿಯಲ್ಲಿ ತೀರ್ಪು ಬಂತು. ಆಕಾಶದ ಅಲೆಗಳು ಸಾರ್ವಜನಿಕರ ಸ್ವತ್ತು, ಅವನ್ನು ಬಳಸುವುದು ಸಾರ್ವಜನಿಕರ ಹಿತಕ್ಕಾಗಿಯೇ ಇರಬೇಕು ಎಂದು ನ್ಯಾಯಮೂರ್ತಿಗಳು ಬರೆದರು.

“ನಮ್ಮದೇ ಆದ್ರೆ ಹಂಚೋದು ಯಾಕೆ, ಬೇಕಾದವರು ಬೇಕಾದ ಹಾಗೆ ಬಳಸ್ಲಿ.”

ಅದಕ್ಕೆ ಅಬ್ಬಿ ನೀರಿನ ಮಾತು ತೆಗೆಯಬೇಕಾಯಿತು. ಗುಡ್ಡದ ಮೇಲಿನ ಒರತೆಯಿಂದ ಪೈಪಿನಲ್ಲಿ ಇಳಿದು ಬರುವ ನೀರು ನಮ್ಮ ಕೇರಿಯ ನಾಲ್ಕು ಮನೆಗೂ ಸೇರಿದ್ದು. ಆದರೂ ಬೇಸಿಗೆಯಲ್ಲಿ ಸರದಿ ಮಾಡಿಕೊಳ್ಳುತ್ತೇವೆ. ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸಿದರೆ ಯಾರ ಕೊಡವೂ ತುಂಬುವುದಿಲ್ಲ. ಅಲೆಗಳೂ ಹಾಗೇ. ಒಂದೇ ಜಾಗದಲ್ಲಿ ಒಂದೇ ಕಂಪನಾಂಕದಲ್ಲಿ ಇಬ್ಬರು ಮಾತಾಡಿದರೆ ಇಬ್ಬರದೂ ಕೆಡುತ್ತದೆ. 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಶುರು ಮಾಡಿದಾಗ ಆಕಾಶ ಹೆಚ್ಚುಕಡಿಮೆ ಖಾಲಿ ಇತ್ತು. ಈಗ ಸೈನ್ಯ, ವಿಮಾನ, ಉಪಗ್ರಹ, ಟೀವಿ, ಮೊಬೈಲು ಎಲ್ಲಕ್ಕೂ ಜಾಗ ಬೇಕು. ಯಾವ ಅಲೆ ಯಾವುದಕ್ಕೆ ಎಂದು ಮೂರು ನಾಲ್ಕು ವರ್ಷಕ್ಕೊಮ್ಮೆ ಜಗತ್ತಿನ ದೇಶಗಳೆಲ್ಲ ಕೂತು ತೀರ್ಮಾನಿಸುತ್ತವೆ. 2023ರಲ್ಲಿ ದುಬೈಯಲ್ಲಿ ಕೂತಿದ್ದವು. ಆಮೇಲೆ ಮೊಬೈಲಿನ ಪಾಲನ್ನು ಕಂಪನಿಗಳಿಗೆ ಹಂಚುವುದು ಆಯಾ ದೇಶದ ಸರ್ಕಾರದ ಕೆಲಸ. ನಮ್ಮಲ್ಲಿ ಅದಕ್ಕೆಂದು ದೇಶವನ್ನು 22 ವಲಯ ಮಾಡಿದ್ದಾರೆ, ಕರ್ನಾಟಕ ಅದರಲ್ಲೊಂದು.

ಅಲೆಗಳಲ್ಲಿ ಎಲ್ಲವೂ ಒಂದೇ ಗುಣದವಲ್ಲ. ನಮ್ಮ ಕಥೆಯೆಲ್ಲ ಇರುವುದೇ ಇಲ್ಲಿ. ಆಚೆ ಗುಡ್ಡದ ಮದುವೆಮನೆಯಲ್ಲಿ ಮೈಕು ಹಾಕಿದರೆ ಹಾಡಿನ ಮಾತು ನಮಗೆ ಕೇಳಿಸುವುದಿಲ್ಲ, ಡೋಲಿನ ಗುಡುಗುಡು ಮಾತ್ರ ಕಾಡು ದಾಟಿ ಬರುತ್ತದೆ. 700 ಮೆಗಾಹರ್ಟ್ಸ್ ಕಂಪನಾಂಕದ ಅಲೆ ಅನ್ನುವುದು ಆ ಡೋಲಿನ ಜಾತಿ. ಅಲೆಯ ಉದ್ದ ಹತ್ತಿರ ಹತ್ತಿರ ಒಂದು ಮೊಳ. ದೂರ ಹೋಗುತ್ತದೆ, ಮರದ ಸಂದಿಯಲ್ಲಿ ನುಸುಳುತ್ತದೆ, ಗೋಡೆ ದಾಟಿ ಒಳಗೆ ಬರುತ್ತದೆ. 5ಜಿಗೆ ಮುಖ್ಯವಾದ 3300 ಮೆಗಾಹರ್ಟ್ಸ್‌ನ ಅಲೆ ಒಂಬತ್ತು ಸೆಂಟಿಮೀಟರು. ಅದು ಹೆಚ್ಚು ಹೊರೆ ಹೊರುತ್ತದೆ, ಆದರೆ ಬೇಗ ಸುಸ್ತಾಗುತ್ತದೆ. 26 ಗಿಗಾಹರ್ಟ್ಸ್‌ನದು ಬೆರಳಿನ ಅಗಲಕ್ಕಿಂತ ಸಣ್ಣದು, ಎಲೆ ಅಡ್ಡ ಬಂದರೂ ಸೊರಗುತ್ತದೆ. (1895ರಷ್ಟು ಹಿಂದೆಯೇ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಇದಕ್ಕಿಂತಲೂ ಚಿಕ್ಕ, ಐದು ಮಿಲಿಮೀಟರಿನ ಅಲೆಗಳನ್ನು ಉಂಟುಮಾಡಿದ್ದರು. ನೆನೆದರೆ ಎದೆಯುಬ್ಬುತ್ತದೆ.) ಜನ ಕಿಕ್ಕಿರಿದ ಬೆಂಗಳೂರಿನ ಮೆಜೆಸ್ಟಿಕ್ಕಿಗೆ ಸಣ್ಣ ಅಲೆ ಸರಿ. ಕಾಡು, ಗುಡ್ಡ, ಒಂಟಿ ಮನೆಗಳ ಮಲೆನಾಡಿಗೆ ಬೇಕಾದದ್ದು ಮೊಳದುದ್ದದ ಅಲೆ.

“ಮತ್ತೆ ಅದನ್ನೇ ನಮಗೆ ಕೊಡ್ಬಹುದಿತ್ತಲ್ಲ?”

ಕೊಡಲಿಲ್ಲ. ಯಾಕೆ ಅಂತ ಹೇಳಲು ಸ್ವಲ್ಪ ಹಿಂದೆ ಹೋಗಬೇಕು. 2008ರ ಜನವರಿಯಲ್ಲಿ ಮೊದಲು ಬಂದವರಿಗೆ ಮೊದಲು ಎಂದು ತರಂಗಾಂತರದ ಸಮೇತ 122 ಮೊಬೈಲ್ ಲೈಸೆನ್ಸುಗಳನ್ನು ಹಂಚಿದರು, ಅದೂ 2001ರ ಬೆಲೆಗೆ. ಒಂದು ಕಂಪನಿಗೆ ಇಡೀ ದೇಶಕ್ಕೆ 1,658 ಕೋಟಿ. ಮಹಾಲೇಖಪಾಲರು 1.76 ಲಕ್ಷ ಕೋಟಿಯವರೆಗೆ ನಷ್ಟ ಅಂದಾಜು ಮಾಡಿದರು, 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ 122ನ್ನೂ ರದ್ದು ಮಾಡಿತು. ಆ ಹಂಚಿಕೆಯ ಕೇಸಿನ ಆರೋಪಿಗಳೆಲ್ಲ 2017ರಲ್ಲಿ ವಿಶೇಷ ನ್ಯಾಯಾಲಯದಲ್ಲಿ ಖುಲಾಸೆಯಾದರು, ಅದು ಬೇರೆ ಮಾತು. ಅಲ್ಲಿಂದ ಮುಂದೆ ಹರಾಜೇ ಗತಿ ಎಂದಾಯಿತು. ಅಡಕೆ ಮಂಡಿಯಲ್ಲಿ ಬೆಳೆಗಾರನಾಗಿ ನಿಂತ ನನಗೆ ಹರಾಜಿನ ಮೇಲೆ ದ್ವೇಷವಿಲ್ಲ. ಎಲ್ಲರ ಕಣ್ಣೆದುರಿಗೆ ಸವಾಲು ನಡೆಯುತ್ತದೆ, ಕದ್ದು ಕೊಡುವುದಕ್ಕಿಂತ ಅದು ಎಷ್ಟೋ ಮೇಲು. 2010ರಲ್ಲಿ 3ಜಿ ಹರಾಜು 34 ದಿನ, 183 ಸುತ್ತು ನಡೆದು 67 ಸಾವಿರ ಕೋಟಿಗೂ ಹೆಚ್ಚು ತಂದಿತ್ತು. ಆ ರುಚಿ ಹತ್ತಿದ ಮೇಲೆ, ತರಂಗಾಂತರ ಅಂದರೆ ಎಷ್ಟು ಕೋಟಿ ಬಂತು ಅನ್ನುವುದೇ ಲೆಕ್ಕವಾಗಿ, ಎಷ್ಟು ಊರಿಗೆ ಮುಟ್ಟಿತು ಅನ್ನುವುದು ಹಿಂದೆ ಸರಿಯಿತು.

2016ರಲ್ಲಿ 700 ಮೆಗಾಹರ್ಟ್ಸನ್ನು ಮೊದಲ ಬಾರಿ ಹರಾಜಿಗಿಟ್ಟರು. ಸರ್ಕಾರದ ಮೂಲಬೆಲೆ ಒಂದು ಮೆಗಾಹರ್ಟ್ಸಿಗೆ 11,485 ಕೋಟಿ. ಕನಿಷ್ಠ ಐದು ಮೆಗಾಹರ್ಟ್ಸ್ ಹಿಡಿಯುತ್ತೇನೆಂದರೂ ದೇಶಕ್ಕೆಲ್ಲ ಸೇರಿ 57 ಸಾವಿರ ಕೋಟಿ ದಾಟುತ್ತಿತ್ತು. ಒಬ್ಬರೂ ಸವಾಲು ಕೂಗಲಿಲ್ಲ. 2021ರ ಮಾರ್ಚಿನಲ್ಲಿ ಬೆಲೆ ಇಳಿಸಿ ಮತ್ತೆ ಇಟ್ಟರು, ಆಗಲೂ ಯಾರೂ ಇಲ್ಲ. ಅದಾದ ಮೂರೇ ತಿಂಗಳಿಗೆ, ಜೂನ್ ಮಳೆಯಲ್ಲಿ, ಸುಳ್ಯ ತಾಲೂಕಿನ ಹಳ್ಳಿಯೊಂದರಲ್ಲಿ ರಸ್ತೆ ಬದಿಗೆ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಹುಡುಗಿಗೆ ಅಪ್ಪ ಕೊಡೆ ಹಿಡಿದು ನಿಂತ ಫೋಟೊ ಪತ್ರಿಕೆಗಳಲ್ಲಿ ಬಂತು. ಮನೆಯಲ್ಲಿ ಸಿಗ್ನಲ್ ಇರಲಿಲ್ಲ. ಆ ಫೋಟೊ ನೋಡಿ ನನಗೆ ಎರಡು ದಿನ ಊಟ ಸೇರಲಿಲ್ಲ. ಕಾಡು ದಾಟಿ ಬರಬಲ್ಲ ಅಲೆ ಆ ಹುಡುಗಿಯ ತಲೆಯ ಮೇಲೇ ಖಾಲಿ ಬಿದ್ದಿತ್ತು. ಅಬ್ಬಿ ನೀರನ್ನು ಇವತ್ತು ತೊಟ್ಟಿಯಲ್ಲಿ ಕೂಡಿಟ್ಟರೆ ನಾಳೆಗಾಗುತ್ತದೆ. ಅಲೆಯನ್ನು ಕೂಡಿಡಲು ಬರುವುದಿಲ್ಲ. ಬಳಸದೆ ಹೋದ ಆರು ವರ್ಷ ಹೋದ ಹಾಗೇ.

ಕೊನೆಗೆ 2022ರಲ್ಲಿ ಮೂಲಬೆಲೆ ಮೆಗಾಹರ್ಟ್ಸಿಗೆ 3,927 ಕೋಟಿಗೆ ಇಳಿಯಿತು. ಏಳು ದಿನ, ನಲವತ್ತು ಸುತ್ತಿನ ಆ 5ಜಿ ಹರಾಜಿನಲ್ಲಿ ಸರ್ಕಾರಕ್ಕೆ ಬಂದದ್ದು 1.5 ಲಕ್ಷ ಕೋಟಿ ಚಿಲ್ಲರೆ. 700ರಲ್ಲಿ ಹತ್ತು ಮೆಗಾಹರ್ಟ್ಸನ್ನು ಜಿಯೊ 22 ವಲಯಕ್ಕೂ ಕೊಂಡಿತು. ಮೂರನೇ ಒಂದು ಭಾಗದ ಬೆಲೆಗೆ ಮಾರಿದ್ದನ್ನು ಆರು ವರ್ಷ ಮುಂಚೆಯೇ ಮಾರಿದ್ದರೆ ಯಾರಿಗೆ ನಷ್ಟವಾಗುತ್ತಿತ್ತು?

ಅತ್ತಿಗೆ ಹೂವಿನ ಬುಟ್ಟಿ ಬೇಲಿಯ ಮೇಲಿಟ್ಟು, “ಹಾಗಾದ್ರೆ ಪುಕ್ಕಟೆ ಕೊಡ್ಬೇಕು ಅಂತೀರಾ?” ಅಂದರು.

ಪುಕ್ಕಟೆ ಬೇಡ. ಬೆಲೆಯನ್ನು ಟವರಿನಲ್ಲಿ ವಸೂಲು ಮಾಡಿ ಅನ್ನುವುದು ನನ್ನ ಮಾತು. ಹಳೆಯ ಲೈಸೆನ್ಸುಗಳನ್ನು ರದ್ದು ಮಾಡಿದ ಅದೇ 2012ರಲ್ಲಿ, ಸೆಪ್ಟೆಂಬರಿನಲ್ಲಿ, ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ನಿಸರ್ಗದ ಸಂಪತ್ತನ್ನೆಲ್ಲ ಹರಾಜಿನಲ್ಲೇ ಕೊಡಬೇಕೆಂದು ಸಂವಿಧಾನ ಕಟ್ಟುಪಾಡು ಮಾಡಿಲ್ಲ ಎಂದು ಸ್ಪಷ್ಟವಾಗಿ ಹೇಳಿತ್ತು. ಹರಾಜು ಹಾಕಿದರೂ ಷರತ್ತು ಹಾಕಬಹುದು. 2010ರಲ್ಲಿ ಜರ್ಮನಿ 800 ಮೆಗಾಹರ್ಟ್ಸ್ ಹರಾಜು ಹಾಕುವಾಗ ಹಾಗೇ ಮಾಡಿತು. ಸಂಪರ್ಕವಿಲ್ಲದ, 5,000 ಜನಸಂಖ್ಯೆಗಿಂತ ಸಣ್ಣ ಊರುಗಳು ಮೊದಲು. ಅಲ್ಲಿಯ ಜನರಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ಮುಟ್ಟಿಸಿದ ಮೇಲೆಯೇ ಅದಕ್ಕಿಂತ ದೊಡ್ಡ ಊರು. ಬ್ರೆಜಿಲ್ 2021ರ 5ಜಿ ಹರಾಜಿನಲ್ಲಿ ಮೌಲ್ಯದ ಬಹುಪಾಲನ್ನು ದುಡ್ಡಾಗಿ ತೆಗೆದುಕೊಳ್ಳದೆ, ಶಾಲೆಗಳಿಗೆ, ಹೆದ್ದಾರಿಗಳಿಗೆ, ದೂರದ ಊರುಗಳಿಗೆ ಸಂಪರ್ಕ ಕೊಡುವ ಕೆಲಸವಾಗಿ ಬರೆಸಿಕೊಂಡಿತು. ನಮ್ಮಲ್ಲೂ ಷರತ್ತು ಇಲ್ಲವೆಂದಲ್ಲ, ಆದರೆ ಪಟ್ಟಣ ಮೊದಲು, ಹಳ್ಳಿ ಆಮೇಲೆ ಅನ್ನುವ ಸರದಿ ತಿರುಗುಮುರುಗಾಗಿಲ್ಲ.

ಸರ್ಕಾರ ಸುಮ್ಮನೆ ಕೂತಿದೆ ಅಂದರೂ ತಪ್ಪಾಗುತ್ತದೆ. 2022ರ ಜುಲೈಯಲ್ಲಿ ಕೇಂದ್ರ ಸಂಪುಟ 26,316 ಕೋಟಿ ಇಟ್ಟು, ಸಿಗ್ನಲ್ಲೇ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡಿಸಲು ಬಿಎಸ್‌ಎನ್‌ಎಲ್‌ಗೆ ಹೇಳಿತು. ಒಳ್ಳೆಯ ಕೆಲಸ. ಆದರೆ ಅಷ್ಟು ಹಳ್ಳಿ 2022ರವರೆಗೆ ಕಾದಿದ್ದವು ಅನ್ನುವುದೂ ಅದರಲ್ಲೇ ಇದೆ. ಟವರು ಬಂದರೆ ಮುಗಿಯಿತೆಂದೂ ಅಲ್ಲ. ಹೋದ ಮಳೆಗಾಲದಲ್ಲಿ ಮೂರು ದಿನ ಕರೆಂಟು ಹೋಯಿತು, ಬ್ಯಾಟರಿ ಇಳಿದು, ಡೀಸೆಲ್ ಮುಗಿದು ನಮ್ಮ ಟವರು ಮಲಗಿತು. ಅದೇ ರಾತ್ರಿ ಅತ್ತಿಗೆಯ ಯಜಮಾನರಿಗೆ ಎದೆನೋವು. ಹಲಸಿನ ಮರದ ಕೆಳಗೆ ಟಾರ್ಚು ಹಿಡಿದು ನಾವಿಬ್ಬರೂ ಒಂದು ತಾಸು ಫೋನು ಎತ್ತಿ ಎತ್ತಿ ನೋಡಿದೆವು. ಕೊನೆಗೆ ಕೆಳಗಿನ ಮನೆಯ ಹುಡುಗ ಬೈಕಿನಲ್ಲಿ ನಾಲ್ಕು ಮೈಲಿ ಹೋಗಿ ಜೀಪು ತಂದ. ಅವರು ಉಳಿದರು. ಆವತ್ತಿನಿಂದ ಅತ್ತಿಗೆ ಕೊಟ್ಟೆಯನ್ನು ಎರಡು ಸಲ ಬದಲಾಯಿಸಿದ್ದಾರೆ, ಮೊಳೆ ಮಾತ್ರ ಅದೇ.

“ಉಪಗ್ರಹದಿಂದ ನೇರ ಬರ್ತದಂತಲ್ಲ ಭಾವ, ಟವರೇ ಬೇಡ್ವಂತೆ?” ಬರಬಹುದು. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಉಪಗ್ರಹ ಸೇವೆಗೆ ಹರಾಜಿಲ್ಲದೆ ತರಂಗಾಂತರ ಕೊಡಲು ದಾರಿ ಮಾಡಿದ್ದಾರೆ. ಬಂದರೂ ನಮ್ಮ ಕೈಗೆಟುಕುವ ದರಕ್ಕೆ ಬಂದರೆ ಮಾತ್ರ ಬಂದಂತೆ.

ಬಿಸಿಲೇರಿತು. ಅತ್ತಿಗೆ ಬುಟ್ಟಿ ಎತ್ತಿಕೊಂಡು ಹೊರಟವರು ತಿರುಗಿ ನಿಂತು, “ಇದನ್ನೆಲ್ಲ ನನ್ನ ಹತ್ರ ಹೇಳಿ ಎಂತ ಆಗ್ತದೆ? ಹೇಳ್ಬೇಕಾದವರ ಹತ್ರ ಹೇಳಿ” ಅಂದರು. ಅವರ ಮಾತು ನ್ಯಾಯವಾದದ್ದು. ಪ್ರತಿ ಹರಾಜಿಗೂ ಮುಂಚೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಸಮಾಲೋಚನಾ ಪತ್ರ ಹೊರಡಿಸಿ, ಬೆಲೆ ಎಷ್ಟಿರಬೇಕು, ಷರತ್ತು ಏನಿರಬೇಕು ಎಂದು ಅಭಿಪ್ರಾಯ ಕೇಳುತ್ತದೆ. ಕಂಪನಿಗಳು ನೂರಾರು ಪುಟ ಬರೆದು ಕಳಿಸುತ್ತವೆ. ನಾವೂ ಕಳಿಸಬಹುದು, ಯಾರ ಅಡ್ಡಿಯೂ ಇಲ್ಲ. ಮುಂದಿನ ಪತ್ರ ಬಂದಾಗ ನಾನು ಬರೆಯುತ್ತೇನೆ. ನಿಮ್ಮ ಮನೆಯಲ್ಲೂ ಫೋನು ಕಿಟಕಿಗೋ ಮರಕ್ಕೋ ನೇತಾಡುತ್ತಿದ್ದರೆ ನೀವೂ ಬರೆಯಿರಿ. ಊರಿನ ಹೆಸರು, ತಾಲೂಕು, ಎಷ್ಟು ಕಡ್ಡಿ ಬರುತ್ತದೆ, ಎಲ್ಲಿ ನಿಂತರೆ ಬರುತ್ತದೆ, ಅಷ್ಟು ಬರೆದರೂ ಸಾಕು.