ಗೃಹಋಣ ವಿಮೋಚನ ಮೀಮಾಂಸೆ

'ಸಾಲದು' ಎಂಬ ಪದದ ಬಾಲ ಕತ್ತರಿಸಿದಾಗ ಉಳಿದದ್ದೇ 'ಸಾಲ' ಎಂಬುದು ಪ್ರಸ್ತುತ ಸಂಶೋಧಕನ ಮತ. ಸಂಬಳ ಸಾಲದು, ಆದ್ದರಿಂದ ಸಾಲ. ಸಾಲವೂ ಸಾಲದು, ಆದ್ದರಿಂದ ಮಾವನ ಮನೆ. ಭಾಷಾವಿಜ್ಞಾನಿಗಳು ಇದನ್ನು ಒಪ್ಪುವುದಿಲ್ಲ. ಅವರು ಬಾಡಿಗೆ ಮನೆಯಲ್ಲಿರಬೇಕು.

ಸರ್ವಜ್ಞ ಸಾಲದ ಬಗ್ಗೆ ಮೂರೇ ಸಾಲಿನಲ್ಲಿ ಹೇಳಿ ಮುಗಿಸಿದ್ದ. ನಮ್ಮ ಆಕರಗ್ರಂಥವಾದ ಬ್ಯಾಂಕಿನ ಕಂತುಪಟ್ಟಿಯಲ್ಲಿ 240 ಸಾಲುಗಳಿವೆ. 50 ಲಕ್ಷ ಅಸಲು, ಶೇ. 8.5 ಬಡ್ಡಿ, 20 ವರ್ಷ, ಇಎಂಐ 43,391 ರೂಪಾಯಿ. ಮೊದಲ ಸಾಲಿನ ಭಾಷ್ಯ: ಬಡ್ಡಿಗೆ 35,417, ಅಸಲಿಗೆ 7,974. ಚದರಡಿಗೆ ಐದು ಸಾವಿರ ಎಂದು ಹಿಡಿದರೆ ಆ ತಿಂಗಳು ಸಂಶೋಧಕನ ಸ್ವಂತವಾದದ್ದು ಒಂದೂವರೆ ಚದರಡಿ, ಅಂದರೆ ಚಪ್ಪಲಿ ಬಿಡುವ ಜಾಗ. ಪಟ್ಟಿ ಮುಗಿಯುವ ಹೊತ್ತಿಗೆ ಬಡ್ಡಿಯೇ 54 ಲಕ್ಷ ದಾಟಿ, ಮಗ ಅಪ್ಪನಿಗಿಂತ ಎತ್ತರವಾಗಿರುತ್ತಾನೆ.

ಪ್ರಶ್ನೆ: ಈ ಸಾಲವನ್ನು ಅವಧಿಗೆ ಮುಂಚೆಯೇ ತೀರಿಸಬೇಕೆ? ಪೂರ್ವಪಕ್ಷಗಳು. ತೆರಿಗೆವಾದಿಗಳ ಪ್ರಕಾರ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ ಇರುವುದರಿಂದ ಸಾಲ ಇರಲೇಬೇಕು. ಸರ್ಕಾರಕ್ಕೆ ಮೂವತ್ತು ರೂಪಾಯಿ ತಪ್ಪಿಸಲು ಬ್ಯಾಂಕಿಗೆ ನೂರು ಕೊಡುವ ಈ ಪಂಥ, ಸ್ವಂತ ವಾಸದ ಮನೆಗೆ ಆ ವಿನಾಯಿತಿಯೇ ಇಲ್ಲದ ಹೊಸ ತೆರಿಗೆ ಪದ್ಧತಿ ಬಂದ ಮೇಲೆ ಕ್ಷೀಣಿಸಿದೆ. ಸಿಪ್‌ವಾದಿಗಳು (ಪ್ರತಿ ಮನೆಯಲ್ಲೂ ಒಬ್ಬ ಭಾವಮೈದುನ) ಸಾಲಕ್ಕೆ ಹೆಚ್ಚುವರಿ ಕಟ್ಟುವ ದುಡ್ಡನ್ನು ಮ್ಯೂಚುವಲ್ ಫಂಡಿಗೆ ಹಾಕಿ ಎನ್ನುತ್ತಾರೆ. ಮಾರುಕಟ್ಟೆ ಬಿದ್ದ ವಾರ ಅವರು ಫೋನ್ ಎತ್ತುವುದಿಲ್ಲ. ನಿದ್ರಾವಾದಿಗಳಿಗೆ ಲೆಕ್ಕವೇ ಬೇಡ, ಸಾಲ ತೀರಿ ನಿದ್ದೆ ಬಂದರೆ ಸಾಕು. ಸಂಶೋಧಕನ ತಂದೆ ಈ ಪಂಥದ ಆಚಾರ್ಯರು. ಪ್ರತಿ ಭಾನುವಾರ ಅವರದು ಒಂದೇ ಸೂತ್ರ: "ಇನ್ನೂ ಎಷ್ಟು ಉಳಿದಿದೆಯೋ?"

ಸಿದ್ಧಾಂತ. ಮೊದಲ ವರ್ಷದ ಕೊನೆಗೆ 5 ಲಕ್ಷ ಹೆಚ್ಚುವರಿ ಕಟ್ಟಿದರೆ ನಾಲ್ಕು ವರ್ಷದ ಕಂತು ಮಾಯವಾಗಿ ಸುಮಾರು 16 ಲಕ್ಷ ಉಳಿಯುತ್ತದೆ. ಅದೇ 5 ಲಕ್ಷವನ್ನು ಹದಿನೈದು ವರ್ಷ ತುಂಬಿದಾಗ ಕಟ್ಟಿದರೆ ಉಳಿಯುವುದು ಎರಡು ಲಕ್ಷ ಚಿಲ್ಲರೆ. ಆದ್ದರಿಂದ ಸಾಲಕ್ಕೆ ವೈರಾಗ್ಯ ಯೌವನದಲ್ಲೇ ಬರಬೇಕು. ಕೈಗೆ ಆರು ತಿಂಗಳ ಖರ್ಚು ಉಳಿಸಿಕೊಂಡು. ಫ್ಲೋಟಿಂಗ್ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದ ಪಾಪಕ್ಕೆ ದಂಡ ಹಾಕಬಾರದೆಂದು ರಿಸರ್ವ್ ಬ್ಯಾಂಕು 2012ರಲ್ಲೇ ಹೇಳಿದೆ.

ವಿಧಿ. ಕೌಂಟರಿನಾಚೆಯಿಂದ ಅಶರೀರವಾಣಿಯೊಂದು ಕೇಳುತ್ತದೆ: "ಇಎಂಐ ಕಮ್ಮಿ ಮಾಡ್ಲಾ ಸಾರ್, ವರ್ಷ ಕಮ್ಮಿ ಮಾಡ್ಲಾ?" ಇಲ್ಲಿ ಎಡವಿದವರು ಅನೇಕರು. ಮೊದಲನೆಯದನ್ನು ಆರಿಸಿದರೆ ತಿಂಗಳಿಗೆ ಉಳಿದದ್ದು ಹೋಟೆಲಿಗೆ ಹೋಗುತ್ತದೆ, ಸಾಲ ತನ್ನ ಪೂರ್ಣಾಯುಷ್ಯ ಬಾಳುತ್ತದೆ. "ವರ್ಷ" ಎಂದಷ್ಟೇ ಹೇಳಿ, ಬರೆದುಕೊಟ್ಟು, ಹೊಸ ಕಂತುಪಟ್ಟಿ ಕೈಗೆ ಬರುವವರೆಗೆ ಕುರ್ಚಿ ಬಿಡಬಾರದು.

ಫಲಶ್ರುತಿ. ಸಾಲ ತೀರಿದ 30 ದಿನದೊಳಗೆ ಮೂಲ ಪತ್ರ ಹಿಂದಿರುಗಿಸದಿದ್ದರೆ ಬ್ಯಾಂಕು ದಿನಕ್ಕೆ 5,000 ರೂಪಾಯಿ ತೆರಬೇಕೆಂದು 2023ರ ನಿಯಮ. ಸಂಶೋಧಕ ಚಾತಕ ಪಕ್ಷಿಯಂತೆ ಮೂವತ್ತೊಂದನೆಯ ದಿನಕ್ಕೆ ಕಾದ. ಬ್ಯಾಂಕು ಇಪ್ಪತ್ತೊಂಬತ್ತನೆಯ ದಿನ ಕರೆದು ಕೊಟ್ಟುಬಿಟ್ಟಿತು.

ಕ್ರಯಪತ್ರವನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದ್ದಾಯಿತು. ಮನೆಯಲ್ಲಿ ಗೆದ್ದಲು, ಅಟ್ಟದಲ್ಲಿ ಇಲಿ. ಮರುದಿನವೇ ಸಂಶೋಧಕ ಅದನ್ನು ಲಾಕರಿನಲ್ಲಿಟ್ಟು ಬಂದ. ಅದೇ ಬ್ಯಾಂಕು, ಈಗ ವರ್ಷಕ್ಕಿಷ್ಟು ಬಾಡಿಗೆ.