ಪದ್ಮಿನಿಯನ್ನು ಭಂಗಾರಕ್ಕೆ ಹಾಕುವ ಮೊದಲು: ಒಂದು ಬಹಿರಂಗ ಪತ್ರ

ಅಕ್ಕಲಕೋಟೆ, ಸೊಲ್ಲಾಪುರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಹಳೆಯ ಫಿಯಟ್ಟನ್ನೋ ಪ್ರೀಮಿಯರ್ ಪದ್ಮಿನಿಯನ್ನೋ ಮನೆಮುಂದೆ ನಿಲ್ಲಿಸಿಕೊಂಡಿರುವ ಹಿರಿಯರಿಗೆ, ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ,



ಟೈರು ನೆಲಕ್ಕೆ ಕೂತಿವೆ. ಬಾಗಿಲ ಕೆಳಗಂಚು ಮುಟ್ಟಿದರೆ ಉದುರುತ್ತದೆ. ಹೆಡ್‌ಲೈಟಿನ ಸುತ್ತ ಬಣ್ಣ ಗುಳ್ಳೆಯೆದ್ದಿದೆ. ಭಂಗಾರದವನು, ಅಂದರೆ ಗುಜರಿಯವನು, ಓಣಿಗೆ ಬಂದಾಗಲೆಲ್ಲ ಕಿಲೋ ಲೆಕ್ಕದಲ್ಲಿ ದರ ಹೇಳಿ ಹೋಗುತ್ತಾನೆ. ಈ ಮಳೆಗಾಲ ಮುಗಿಯಲಿ, ಕೊಟ್ಟುಬಿಡೋಣ ಎಂದು ಮನೆಯಲ್ಲಿ ಮಾತೂ ಆಗಿರಬಹುದು. ದಯವಿಟ್ಟು ಕೊಡಬೇಡಿ. ಅದರ ಮೈಯನ್ನು ನಿಮ್ಮ ಅಂಗಳದಲ್ಲೇ, ಊರಿನ ಡೆಂಟರ್ ಮಿಸ್ತ್ರಿಯನ್ನು ಜೊತೆಗಿಟ್ಟುಕೊಂಡು, ಉಳಿಸಿಕೊಳ್ಳಬಹುದು. ಹೇಗೆ ಎಂಬುದನ್ನೂ ಯಾಕೆ ಎಂಬುದನ್ನೂ ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತೇನೆ.

ಮೊದಲು ಯಾಕೆ ಎಂಬುದು. ಈ ಗಾಡಿಗೂ ನಮ್ಮೂರಿಗೂ ನಂಟಿದೆ. ವಾಲ್‌ಚಂದ್ ಹೀರಾಚಂದ್ 1882ರಲ್ಲಿ ಹುಟ್ಟಿದ್ದು ಸೊಲ್ಲಾಪುರದಲ್ಲಿ. 1919ರಲ್ಲಿ ಸಿಂಧಿಯಾ ಹಡಗು ಕಂಪನಿ ಕಟ್ಟಿದವರಲ್ಲಿ ಅವರೊಬ್ಬರು. 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುಮಾಡಿದರು. ಇಂದಿನ ಎಚ್‌ಎಎಲ್ ಬೆಳೆದದ್ದು ಅದರಿಂದಲೇ. 1944ರಲ್ಲಿ ಅವರದೇ ಪ್ರೀಮಿಯರ್ ಆಟೊಮೊಬೈಲ್ಸ್ ಬಂತು. ಮುಂಬೈ ಕುರ್ಲಾದ ಅದರ ಕಾರ್ಖಾನೆಯಲ್ಲಿ ಮೊದಲು ಅಮೆರಿಕದ ಕ್ರೈಸ್ಲರ್ ಕಂಪನಿಯ ಗಾಡಿಗಳು ತಯಾರಾದವು, ಐವತ್ತರ ದಶಕದಿಂದ ಇಟಲಿಯ ಫಿಯಟ್. ವಾಲ್‌ಚಂದರು 1953ರಲ್ಲಿ ತೀರಿಕೊಂಡರು. 1964ರ ಫಿಯಟ್ 1100 ಡಿಲೈಟನ್ನಾಗಲಿ, ಅದೇ ಗಾಡಿ 1974ರ ಹೊತ್ತಿಗೆ ಪಡೆದ ಪದ್ಮಿನಿ ಎಂಬ ಹೆಸರನ್ನಾಗಲಿ ಅವರು ಕಾಣಲಿಲ್ಲ. ಆದರೂ 1089 ಸಿಸಿ ಎಂಜಿನ್ನಿನ, ಸ್ಟೇರಿಂಗ್ ಪಕ್ಕದಲ್ಲೇ ಗೇರು ಹಾಕುವ ಆ ಗಾಡಿ ಸೊಲ್ಲಾಪುರದ ಮಗನೊಬ್ಬ ಹಾಕಿದ ಬುನಾದಿಯ ಮೇಲೆ ಬಂದದ್ದು. 2023ರ ಅಕ್ಟೋಬರ್‌ನಲ್ಲಿ ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಟ್ಟಿತು. ಉಳಿದಿರುವುದು ಮನೆಗಳಲ್ಲಿ ನಿಂತಿರುವ ಗಾಡಿಗಳು ಮಾತ್ರ. ಅವುಗಳಲ್ಲಿ ಕೆಲವಾದರೂ ವಾಲ್‌ಚಂದರ ಹುಟ್ಟೂರಿನಲ್ಲಿ ಓಡುತ್ತಿರಬೇಕು ಎಂಬುದು ನನ್ನ ಆಸೆ.

ನಮ್ಮ ಕಡೆಯ ಹವೆ ಕಬ್ಬಿಣಕ್ಕೆ ಒಳ್ಳೆಯದು. ಮಳೆ ಕಡಿಮೆ, ಗಾಳಿ ಒಣ, ಸಮುದ್ರದ ಉಪ್ಪು ಇಲ್ಲ. ಮುಂಬೈಯಲ್ಲಿ ಬಾಳಿದ ಗಾಡಿಗೂ ಹುಟ್ಟಿನಿಂದ ಅಕ್ಕಲಕೋಟೆಯಲ್ಲೇ ಇದ್ದ ಗಾಡಿಗೂ ಮೈಯಲ್ಲಿ ಅಜಗಜಾಂತರ. ಹಾಗಿದ್ದೂ ನಮ್ಮ ಗಾಡಿಗಳು ತೂತು ಬೀಳುತ್ತಿರುವುದು ಎರೆ ಮಣ್ಣಿನಿಂದ. ಮಳೆಗಾಲದಲ್ಲಿ ಚಕ್ರ ಎರಚಿದ ಎರೆ ಮಡ್‌ಗಾರ್ಡಿನ ಒಳಮೂಲೆಗೆ ಹೋಗಿ ಅಂಟಿಕೊಳ್ಳುತ್ತದೆ. ಎರೆಗೆ ನೀರು ಹಿಡಿದಿಟ್ಟುಕೊಳ್ಳುವ ಗುಣವಿದೆ. ಜೋಳದ ಬೆಳೆಗೆ ಅದೇ ವರ, ಪತ್ರಾಕ್ಕೆ, ಅಂದರೆ ಗಾಡಿಯ ತಗಡಿಗೆ, ಅದೇ ಶಾಪ. ಹೊರಗೆ ಬಿಸಿಲು ಬಿದ್ದು ವಾರ ಕಳೆದರೂ ಒಳಗೆ ಹಸಿ ಆರಿರುವುದಿಲ್ಲ. ಬಾಗಿಲ ತಳದ, ಫ್ಲೋರಿನ ನೀರುಕಿಂಡಿಗಳನ್ನೂ ಅದು ಮುಚ್ಚುತ್ತದೆ. ಗಾಜಿನ ರಬ್ಬರ್ ಬೀಡಿಂಗ್ ಬಿರುಕು ಬಿಟ್ಟರೆ ಅಲ್ಲಿಂದ ಇಳಿದ ನೀರು ಕಾರ್ಪೆಟ್ಟಿನ ಕೆಳಗೆ ನಿಲ್ಲುತ್ತದೆ.

ಆದ್ದರಿಂದ ಬಣ್ಣದ ಡಬ್ಬಿ ತರುವ ಮೊದಲು ಗಾಡಿಯನ್ನು ಬಿಚ್ಚಿ ನೋಡಿ. ಸೀಟು ತೆಗೆಯಿರಿ, ಕಾರ್ಪೆಟ್ ಎತ್ತಿ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ, ಬ್ಯಾಟರಿ ಕೂರುವ ತಟ್ಟೆ, ಹಿಂಚಕ್ರದ ಕಮಾನು, ಜ್ಯಾಕ್ ಕೊಡುವ ಜಾಗ, ಎಲ್ಲ ತೊಳೆದು ಒಣಗಿಸಿ. ಸ್ಕ್ರೂಡ್ರೈವರ್ ತುದಿಯಿಂದ ಗಟ್ಟಿಯಾಗಿ ಒತ್ತುತ್ತ ಹೋಗಿ. ಗಟ್ಟಿ ಪತ್ರಾ ಸದ್ದು ಕೊಡುತ್ತದೆ, ಸತ್ತ ಪತ್ರಾ ಒಳಗಿಳಿಯುತ್ತದೆ. ಚಿಕ್ಕ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಮೈಮೇಲೆಲ್ಲ ಆಡಿಸಿ. ಅದು ಹಿಡಿಯದ ಕಡೆ ಕಬ್ಬಿಣವಿಲ್ಲ, ಪುಟ್ಟಿ ಇದೆ ಎಂದು ತಿಳಿಯಿರಿ. ಸೀಮೆಸುಣ್ಣದಿಂದ ಗುರುತು ಹಾಕಿ, ಫೋಟೊ ತೆಗೆದಿಟ್ಟುಕೊಳ್ಳಿ.

ನನ್ನ ಜಗಳವಿರುವುದು ಈ ಪುಟ್ಟಿಯ ಮೇಲೆ. ತುಕ್ಕು ಹಿಡಿದ ಕಡೆ ಮೇಲ್ಮೇಲೆ ತಿಕ್ಕಿ, ತೂತಿಗೆ ಜಾಳಿಗೆ ಒತ್ತಿ, ಪುಟ್ಟಿ ಮೆತ್ತಿ, ಹೊಳೆಯುವ ಬಣ್ಣ ಹೊಡೆದುಕೊಡುವ ರೂಢಿ ಬಹಳ ಗಾಡಿಗಳನ್ನು ಕೊಂದಿದೆ. ಪುಟ್ಟಿ ತೇವ ಹೀರುತ್ತದೆ. ಕೆಳಗಿನ ಕಬ್ಬಿಣ ತುಕ್ಕಾಗಿ ಹಲವು ಪಟ್ಟು ಉಬ್ಬಿದಾಗ ಮೇಲಿನದೆಲ್ಲ ಹಪ್ಪಳೆಯಾಗಿ ಏಳುತ್ತದೆ, ಎರಡು ಮಳೆಗಾಲವೂ ತಡೆಯುವುದಿಲ್ಲ. ಪುಟ್ಟಿಗೆ ಅದರದೇ ಕೆಲಸವಿದೆ: ಗಟ್ಟಿ ಪತ್ರಾದ ಮೇಲೆ, ಎಪಾಕ್ಸಿ ಪ್ರೈಮರ್ ಹೊಡೆದ ನಂತರ, ಎರಡು ಮೂರು ಮಿಲಿಮೀಟರಿನೊಳಗೆ ಏರುತಗ್ಗು ಸಮಮಾಡುವುದು. ತೂತು ಮುಚ್ಚುವುದು ಅದರ ಕೆಲಸವಲ್ಲ.

ಪದ್ಮಿನಿಗೆ ಲಾರಿಗಿರುವಂತೆ ಬೇರೆ ಚಾಸಿ ಇಲ್ಲ. ಮೈಯೇ ಅದರ ಎಲುಬು. ಬಾಗಿಲ ಕೆಳಗೆ ಉದ್ದಕ್ಕೂ ಓಡುವ ಟೊಳ್ಳು ಭಾಗ, ಮಿಸ್ತ್ರಿಗಳು ರನ್ನಿಂಗ್ ಬೋರ್ಡ್ ಅನ್ನುವುದು, ಮುಂದಿನ ಅರ್ಧವನ್ನೂ ಹಿಂದಿನ ಅರ್ಧವನ್ನೂ ಹಿಡಿದು ನಿಂತಿದೆ. ಅದನ್ನು ಪುಟ್ಟಿಯಿಂದ ಮುಚ್ಚಿದ ಗಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗೆ ಹೋಗಬಾರದು. ಅದನ್ನು ಕತ್ತರಿಸುವ ಮುಂಚೆ ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಪೈಪು ವೆಲ್ಡ್ ಮಾಡಿಸಬೇಕು, ಗಾಡಿಯನ್ನು ಸಮತಟ್ಟಾಗಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಇಲ್ಲವಾದರೆ ನಡು ಜಗ್ಗಿ, ಮುಂದೆ ಯಾವ ಬಾಗಿಲೂ ಸರಿಯಾಗಿ ಕೂರುವುದಿಲ್ಲ. ಎರಡೂ ಬದಿ ಒಟ್ಟಿಗೆ ಕತ್ತರಿಸದೆ ಒಂದು ಬದಿ ಮುಗಿಸಿ ಇನ್ನೊಂದಕ್ಕೆ ಹೋಗಿ. ಪ್ರತಿ ಹಂತದಲ್ಲೂ ಬಾಗಿಲು ಹಾಕಿ ಸಂದು ಅಳೆಯಿರಿ.

ಕತ್ತರಿಸುವಾಗ ಕೈ ಬಿಗಿಹಿಡಿಯಿರಿ. ಸತ್ತದ್ದನ್ನು ಹೊಳೆಯುವ ಕಬ್ಬಿಣ ಸಿಗುವವರೆಗೆ ಮಾತ್ರ ತೆಗೆಯಬೇಕು, ಗಟ್ಟಿಯಿರುವ ಮೂಲ ಪತ್ರಾವನ್ನು ಮುಟ್ಟಬಾರದು. ನಮ್ಮ ಅಜ್ಜಿಯರು ಕೌದಿಗೆ ತೇಪೆ ಹಾಕಿದಂತೆ ಹಳೆಯದರ ಮೇಲೆ ಹೊಸದನ್ನು ಹೊದಿಸಿ ವೆಲ್ಡ್ ಮಾಡುವ ಪದ್ಧತಿ ಬೇಡ. ಎರಡು ಪದರದ ನಡುವೆ ನೀರು ಕೂತು ಮತ್ತೆ ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ. ಅಂಚಿಗೆ ಅಂಚು ಕೂರುವಂತೆ ತುಂಡು ಕತ್ತರಿಸಿ, ಅಲ್ಲೊಂದು ಇಲ್ಲೊಂದು ಚುಕ್ಕೆ ಹಾಕಿ, ಆರಲು ಬಿಟ್ಟು, ಮತ್ತೆ ಚುಕ್ಕೆ ಹಾಕುತ್ತ ಹೋಗಬೇಕು. ಒಂದೇ ಸಮನೆ ಗೆರೆ ಎಳೆದರೆ ಕಾವಿಗೆ ಪತ್ರಾ ಸೊಟ್ಟಗಾಗುತ್ತದೆ. ಇದಕ್ಕೆ ಸಿಓಟು ವೆಲ್ಡಿಂಗ್ ಅನುಕೂಲ. ಆದರೆ ಗ್ಯಾಸ್ ವೆಲ್ಡಿಂಗಿನಲ್ಲಿ ಕೈ ಪಳಗಿದ ಹಿರಿಯ ಮಿಸ್ತ್ರಿ ಸಿಕ್ಕರೆ ಅವರನ್ನು ಬಿಡಬೇಡಿ. ಕಾಯಿಸಿ, ಸುತ್ತಿಗೆ ಮತ್ತು ಅಡಿಗಟ್ಟಿನ ನಡುವೆ ತಟ್ಟಿ ಪತ್ರಾವನ್ನು ಮೊದಲಿನ ಆಕಾರಕ್ಕೆ ತರುವ ಅವರ ವಿದ್ಯೆ ಯಾವ ಮಷಿನ್ನಿಗೂ ಬಾರದು. ಹೊಸ ಗಾಡಿಗಳಲ್ಲಿ ಭಾಗವನ್ನೇ ಬದಲಿಸುವ ಕಾಲ ಬಂದು ಅವರಿಗೆ ಕೆಲಸ ಕಡಿಮೆಯಾಗಿದೆ. ನಿಮ್ಮ ಗಾಡಿ ಅವರ ವಿದ್ಯೆಯನ್ನೂ ಉಳಿಸುತ್ತದೆ. ಅವರು ಕೇಳಿದ ಕೂಲಿ ಕೊಡಿ, ಅವರ ಪಕ್ಕದಲ್ಲಿ ನಿಮ್ಮ ಮಗನನ್ನೋ ಮಗಳನ್ನೋ ನಿಲ್ಲಿಸಿ ಕಲಿಸಿ.

ಹೊಸ ತುಂಡಿಗೆ 20 ಗೇಜ್, ಅಂದರೆ ಸುಮಾರು 0.9 ಮಿ.ಮೀ. ದಪ್ಪದ ಸಿಆರ್ (ಕೋಲ್ಡ್ ರೋಲ್ಡ್) ಶೀಟ್ ಕೇಳಿ. ಬೇಸಿಗೆಯಲ್ಲಿ ಕೂಲರ್ ಮಾಡಿಕೊಡುವ ಅಂಗಡಿಯ ಜಿಐ ಪತ್ರಾ ಕಣ್ಣಿಗೆ ಚೆಂದ ಕಾಣುತ್ತದೆ, ತರಬೇಡಿ. ಅದರ ಮೇಲಿನ ಸತುವಿನ ಲೇಪ ವೆಲ್ಡಿಂಗಿನ ಕಾವಿಗೆ ಹೊಗೆಯಾಗಿ ಎದೆಗೆ ಹೋದರೆ ರಾತ್ರಿ ಚಳಿಜ್ವರ ಬರುತ್ತದೆ. ಆದರೆ ಮಡಚುವ ಮಷಿನ್ ಇರುವುದು ಅಂಥ ಅಂಗಡಿಗಳಲ್ಲೇ. ನಿಮ್ಮ ಸಿಆರ್ ಶೀಟನ್ನೂ ರಟ್ಟಿನಲ್ಲಿ ಕತ್ತರಿಸಿದ ಅಳತೆಯನ್ನೂ ಒಯ್ದು ಮಡಚಿಸಿಕೊಂಡು ಬನ್ನಿ.

ಜೀವದ ಮಾತು ಕೆಲವು ಹೇಳಲೇಬೇಕು. ವೆಲ್ಡಿಂಗಿಗೆ ಮೊದಲು ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಟ್ಯಾಂಕನ್ನು ಕಳಚಿ ಅಂಗಳದ ಇನ್ನೊಂದು ತುದಿಗೆ ಇಡಿ. ಖಾಲಿ ಟ್ಯಾಂಕಿಗೆ ಮನೆಯಲ್ಲಿ ಬೆಸುಗೆ ಹಾಕಲು ಯಾರನ್ನೂ ಬಿಡಬೇಡಿ. ಒಳಗುಳಿದ ಪೆಟ್ರೋಲಿನ ಆವಿಯಿಂದಾಗಿ ಖಾಲಿ ಟ್ಯಾಂಕು, ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಹೆಚ್ಚು ಸಿಡಿಯುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಆದ್ದರಿಂದ ಒಣಗಿದಂತೆಯೇ ತಿಕ್ಕಬೇಡಿ. ವಾಟರ್ ಪೇಪರ್ ಬಳಸಿ ನೀರು ಹಾಕುತ್ತ ತಿಕ್ಕಿ, ಮಕ್ಕಳನ್ನು ದೂರವಿಡಿ. ಕೊನೆಯ ಬಣ್ಣ ಗಟ್ಟಿಕಾರಕ ಬೆರೆಸುವ ಪಿಯು ಬಣ್ಣವಾದರೆ ಅದನ್ನು ಬೂತ್ ಇರುವ ಗ್ಯಾರೇಜಿನಲ್ಲೇ ಹೊಡೆಸಿ. ಅದರ ತುಂತುರಿನಲ್ಲಿರುವ ಐಸೊಸಯನೇಟ್ ಉಬ್ಬಸ ತರಿಸುತ್ತದೆ, ಮೂಗಿಗೆ ಕಟ್ಟಿದ ಬಟ್ಟೆ ಅದನ್ನು ತಡೆಯುವುದಿಲ್ಲ.

ಬಾಗಿಲ ಕೀಲು, ಬಂಪರ್ ಕ್ಲಾಂಪು, ಬೋಲ್ಟಿನಂಥ ಸಣ್ಣ ಸಾಮಾನಿಗೆ ನಮ್ಮ ಜಿಲ್ಲೆಯಲ್ಲೇ ಮದ್ದಿದೆ. ಸಕ್ಕರೆ ಕಾರ್ಖಾನೆಗಳ ಈ ಸೀಮೆಯಲ್ಲಿ ದನದ ಮೇವಿಗೆ ಬೆರೆಸುವ ಕಾಕಂಬಿ ಯಾರಿಗೂ ಹೊಸದಲ್ಲ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮುಳುಗಿಸಿಟ್ಟರೆ, ಎರಡು ಮೂರು ವಾರದಲ್ಲಿ ತುಕ್ಕು ಕರಗಿ ಕಬ್ಬಿಣ ಬೂದು ಬಣ್ಣಕ್ಕೆ ಬರುತ್ತದೆ. ವಾಸನೆ ಬರುತ್ತದೆ, ಮುಚ್ಚಳ ಬಿಗಿಯಬೇಡಿ. ಅಲ್ಯುಮಿನಿಯಂ, ಸತುವಿನ ಭಾಗಗಳನ್ನು ಹಾಕಬೇಡಿ, ಕರಗಿಹೋಗುತ್ತವೆ. ಹೊರತೆಗೆದ ದಿನವೇ ತೊಳೆದು, ಬಿಸಿಲಿಗೆ ಒಣಗಿಸಿ, ಪ್ರೈಮರ್ ಹೊಡೆಯಿರಿ.

ಕಾಲ ನೋಡಿ ಬಣ್ಣ ಹೊಡೆಯಬೇಕು. ಮೇ ತಿಂಗಳ 42 ಡಿಗ್ರಿಯಲ್ಲಿ ಥಿನ್ನರ್ ಗಾಳಿಯಲ್ಲೇ ಆರಿ ಬಣ್ಣ ಪುಡಿಪುಡಿಯಾಗಿ ಕೂರುತ್ತದೆ. ಮಳೆಗಾಲದ ತೇವಕ್ಕೆ ಎನ್‌ಸಿ (ನೈಟ್ರೊಸೆಲ್ಯುಲೋಸ್) ಬಣ್ಣ ಹಾಲಿನಂತೆ ಬೆಳ್ಳಗಾಗುತ್ತದೆ. ದೀಪಾವಳಿ ಕಳೆದ ಮೇಲೆ ಸಂಕ್ರಾಂತಿಗೆ ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆ ಬರುವವರೆಗಿನ ದಿನಗಳು ಉತ್ತಮ. ಬಣ್ಣಕ್ಕೆ ಮುಂಚೆ ಒರೆಸಲು ಸೊಲ್ಲಾಪುರದ ಟೆರ್ರಿ ಟವೆಲ್ ಹಿಡಿಯಬೇಡಿ, ಅದರ ಎಳೆ ಮೈಗೆ ಅಂಟುತ್ತದೆ. ನಯವಾದ ಹಳೆಯ ಹತ್ತಿ ಬಟ್ಟೆ ಸಾಕು. ರೆಡ್ ಆಕ್ಸೈಡ್ ಹೊಡೆದೆವಲ್ಲ ಎಂದು ಗಾಡಿಯನ್ನು ಹಾಗೆಯೇ ಮಳೆಗೆ ನಿಲ್ಲಿಸಬೇಡಿ, ಆ ಪ್ರೈಮರ್ ನೀರನ್ನು ಒಳಗೆ ಬಿಡುತ್ತದೆ. ಬಣ್ಣವೆಲ್ಲ ಮುಗಿದ ಮೇಲೆ ರನ್ನಿಂಗ್ ಬೋರ್ಡಿನ, ಬಾಗಿಲುಗಳ ಟೊಳ್ಳಿನೊಳಗೆ ತುಕ್ಕು ತಡೆಯುವ ಮೇಣವನ್ನು ಸಿಂಪಡಿಸಿ, ನೀರುಕಿಂಡಿಗಳನ್ನು ತಂತಿಯಿಂದ ಬಿಡಿಸಿ. ಹೊರಗೆ ಕಾಣದ ಈ ಕೆಲಸವೇ ಗಾಡಿಯ ಆಯುಷ್ಯ.

ಮೂಲ ಪತ್ರಾ ಉಳಿಸಿ ಎಂದು ನಾನು ಪಟ್ಟು ಹಿಡಿಯಲು ಕಾನೂನಿನ ಕಾರಣವೂ ಇದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದಂತೆ, 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆಯಾಗದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ನಂತರದ ಮರುನೋಂದಣಿಗೆ 5,000. ನಂಬರಿನಲ್ಲಿ ವಿಎ ಎಂಬ ಅಕ್ಷರ ಬರುತ್ತದೆ; ದಿನಬಳಕೆಗೂ ಬಾಡಿಗೆಗೂ ಓಡಿಸುವಂತಿಲ್ಲ. ಡಿಲೈಟ್‌ಗಳು ಆ ವಯಸ್ಸು ದಾಟಿವೆ, ಮೊದಮೊದಲ ಪದ್ಮಿನಿಗಳು ಈಗ ದಾಟುತ್ತಿವೆ. ದಿನಾ ಓಡಿಸಬೇಕು ಅನ್ನುವವರು ಮಾಮೂಲಿ ನೋಂದಣಿಯನ್ನೇ ಐದೈದು ವರ್ಷಕ್ಕೆ ನವೀಕರಿಸಬೇಕು. ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಆಯಿತು. ಎರಡರಲ್ಲಿ ಯಾವ ದಾರಿ ಹಿಡಿದರೂ ನಿಮ್ಮ ಕಾಗದಪತ್ರ ಮತ್ತು ರಿಪೇರಿಯ ಪ್ರತಿ ಹಂತದ ಫೋಟೊ ಜೋಪಾನವಾಗಿರಲಿ. ಚಾಸಿ ನಂಬರ್ ಕೆತ್ತಿದ ಪತ್ರಾಕ್ಕೆ ಗ್ರೈಂಡರ್ ತಾಗಿಸಲೇಬೇಡಿ.

ದುಡ್ಡಿನ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಮಾರುವ ಲೆಕ್ಕದಿಂದ ಕೈಹಾಕಿದರೆ ಇದು ಗಿಟ್ಟುವ ಕೆಲಸವಲ್ಲ, ಮುಚ್ಚಿಡದೆ ಹೇಳುತ್ತೇನೆ. ಮನೆಯಲ್ಲೇ ಬಿಚ್ಚುವುದು, ತಿಕ್ಕುವುದು, ತೊಳೆಯುವುದು, ಪ್ರೈಮರ್ ಹೊಡೆಯುವುದನ್ನು ನೀವೇ ಮಾಡಿದರೆ ಖರ್ಚಿನ ದೊಡ್ಡ ಪಾಲು ಉಳಿಯುತ್ತದೆ. ವೆಲ್ಡಿಂಗ್ ಮತ್ತು ಕೊನೆಯ ಬಣ್ಣಕ್ಕೆ ಮಾತ್ರ ಕೂಲಿ ಕೊಡಬೇಕು. ಅವಸರವಿಲ್ಲ. ಒಂದು ಚಳಿಗಾಲಕ್ಕೆ ಫ್ಲೋರು, ಮುಂದಿನ ಚಳಿಗಾಲಕ್ಕೆ ಬಾಗಿಲು ಎಂದು ಮಾಡಿದರೂ ಆದೀತು, ನಡುವಿನ ಮಳೆಗಾಲದಲ್ಲಿ ಮೇಲೆ ಸೂರು ಇರಲಿ. ತಾಡಪತ್ರಿಯನ್ನು ಮೈಗೆ ಅಂಟುವಂತೆ ಸುತ್ತಬೇಡಿ, ಒಳಗೆ ಬೆವರುತ್ತದೆ.

ಕೊನೆಯ ಮಾತು ಸೊಲ್ಲಾಪುರದ ಸಂಸ್ಥೆಗಳಿಗೆ. ವಾಲ್‌ಚಂದರ ಹೆಸರು ಹೊತ್ತ ಎಂಜಿನಿಯರಿಂಗ್ ಕಾಲೇಜು ನಮ್ಮಲ್ಲಿದೆ, ಐಟಿಐ ಇದೆ, ಅಕ್ಕಲಕೋಟೆ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆಗಳಿವೆ. ವರ್ಷಕ್ಕೊಮ್ಮೆ, ನವೆಂಬರ್ ತಿಂಗಳಲ್ಲಿ, ಊರಿನ ಹಿರಿಯ ಡೆಂಟರ್ ಮಿಸ್ತ್ರಿಗಳನ್ನು ಗುರುಗಳನ್ನಾಗಿ ಕೂರಿಸಿ, ಅವರಿಗೆ ಸಂಭಾವನೆ ಕೊಟ್ಟು, ಪತ್ರಾ ಕೆಲಸದ ಶಿಬಿರವೊಂದನ್ನು ನಡೆಸಿ. ಕನ್ನಡ, ಮರಾಠಿ, ತೆಲುಗು, ಯಾವ ಭಾಷೆಯಲ್ಲಿ ಕೇಳಿದರೂ ಉತ್ತರ ಹೇಳಬಲ್ಲ ಮಿಸ್ತ್ರಿಗಳು ಈ ಊರಲ್ಲಿದ್ದಾರೆ. ಅವರ ಕೈ ಗಟ್ಟಿಯಿರುವಾಗಲೇ ಇದನ್ನು ಶುರುಮಾಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತಿ ನಿಮ್ಮವನೇ ಆದ,
ಅಕ್ಕಲಕೋಟೆಯ ಒಬ್ಬ ಕನ್ನಡಿಗ